ಪಿಸ್ತೂಲಿನ ಲೈಸೆನ್ಸ್: ‘ಸೂಕ್ತ ಕಾರಣ’ ತೀರ್ಮಾನಿಸುವುದು ಯಾರು?

ಅಮೆರಿಕದಲ್ಲಿ ಗುಂಡು ಹಾರಾಟದ ಸುದ್ದಿ ಬಂದಾಗಲೆಲ್ಲ ನಮ್ಮಲ್ಲಿ ಒಂದು ಮಾತು ಕೇಳಿ ಬರುತ್ತದೆ. ‘‘ಅಲ್ಲಿ ಅಂಗಡಿಯಿಂದ ಸಾಬೂನು ತಂದ ಹಾಗೆ ಪಿಸ್ತೂಲು ತರ್ತಾರಂತೆ, ಸರಕಾರ ಎಂಥ ಮಾಡ್ತದೆ?’’ ಎಂದು. ಈ ಮಾತಿನಲ್ಲಿ ಅರ್ಧ ಸತ್ಯ ಉಂಟು, ಅರ್ಧ ಇಲ್ಲ. ಪಿಸ್ತೂಲು ಖರೀದಿಸುವುದು ಒಂದು, ಅದನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಇನ್ನೊಂದು, ಸೊಂಟಕ್ಕೆ ಸಿಕ್ಕಿಸಿಕೊಂಡು ಪೇಟೆಗೆ ಹೋಗುವುದು ಮತ್ತೊಂದು. ಈ ಮೂರಕ್ಕೂ ಅಲ್ಲಿ ಬೇರೆ ಬೇರೆ ಕಾನೂನುಗಳಿವೆ. ಒಂದೊಂದು ರಾಜ್ಯದಲ್ಲಿ ಒಂದೊಂದು ರೀತಿ.

ಹೆಚ್ಚು ಜಗಳ ನಡೆದಿರುವುದು ಮೂರನೆಯದರ ಬಗ್ಗೆ. ಪಿಸ್ತೂಲು ಹಿಡಿದು ಮನೆಯಿಂದ ಹೊರಗೆ ಹೋಗಲು ಲೈಸೆನ್ಸ್ ಬೇಕೇ? ಬೇಕಾದರೆ ಅದನ್ನು ಕೊಡುವವರು ಯಾರು, ಯಾವ ಆಧಾರದಲ್ಲಿ ಕೊಡಬೇಕು? ಈ ಪ್ರಶ್ನೆ ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಗಿ, 2022ರ ಜೂನ್ 23ರಂದು ದೊಡ್ಡ ತೀರ್ಪು ಬಂತು. ‘ಬ್ರೂಯೆನ್ ತೀರ್ಪು’ ಎಂದು ಅದಕ್ಕೆ ಹೆಸರು. ನಮಗೂ ಅದಕ್ಕೂ ಏನು ಸಂಬಂಧ ಎಂದು ಕೇಳಬೇಡಿ. ಕಚೇರಿಯ ಮೇಜಿನ ಮುಂದೆ ಅರ್ಜಿ ಹಿಡಿದು ನಿಂತವನ ಹಕ್ಕು ಎಂಥದ್ದು ಎಂಬುದೇ ಆ ಪ್ರಕರಣದ ಒಳಗಿರುವ ವಿಷಯ. ಅದು ಎಲ್ಲ ಊರಿನ ವಿಷಯ.

ನೂರು ವರ್ಷ ಹಳೆಯ ನಿಯಮ

ನ್ಯೂಯಾರ್ಕ್ ರಾಜ್ಯದಲ್ಲಿ 1911ರಲ್ಲಿ ‘ಸಲಿವನ್ ಕಾಯ್ದೆ’ ಬಂತು. ರಾಜ್ಯದ ಸೆನೆಟರ್ ಆಗಿದ್ದ ಟಿಮೊಥಿ ಸಲಿವನ್ ತಂದ ಕಾನೂನು ಅದು. ಪಿಸ್ತೂಲು ಇಟ್ಟುಕೊಳ್ಳಲು ಲೈಸೆನ್ಸ್ ಕಡ್ಡಾಯ ಎಂದಾಯಿತು. 1913ರಲ್ಲಿ ತಿದ್ದುಪಡಿಯಾಗಿ, ಹೊರಗೆ ಒಯ್ಯುವ ಲೈಸೆನ್ಸ್ ಬೇಕಾದವನು ಒಳ್ಳೆಯ ನಡತೆಯವನಾಗಿರಬೇಕು ಮತ್ತು ‘ಸೂಕ್ತ ಕಾರಣ’ ತೋರಿಸಬೇಕು ಎಂಬ ಶರತ್ತು ಸೇರಿತು.

ಈ ‘ಸೂಕ್ತ ಕಾರಣ’ ಎಂಬ ಎರಡು ಶಬ್ದದಲ್ಲೇ ಎಲ್ಲ ಇರುವುದು. ಕಾರಣ ಸೂಕ್ತವೋ ಅಲ್ಲವೋ ಎಂದು ಹೇಳುವುದು ಲೈಸೆನ್ಸ್ ಕೊಡುವ ಅಧಿಕಾರಿ. ‘‘ನನಗೆ ಆತ್ಮರಕ್ಷಣೆ ಬೇಕು’’ ಎಂದರೆ ಸಾಲದು. ಉಳಿದ ಜನರಿಗಿಲ್ಲದ ವಿಶೇಷ ಅಪಾಯ ತನಗಿದೆ ಎಂದು ಅರ್ಜಿದಾರ ತೋರಿಸಬೇಕು ಎಂದು ಅಲ್ಲಿನ ಕೋರ್ಟುಗಳು ಅರ್ಥ ಹೇಳಿದವು. ತನ್ನ ಬೀದಿಯಲ್ಲಿ ದಿನಾ ದರೋಡೆ ನಡೆಯುತ್ತದೆ ಎಂದರೂ ಆಗಲಿಲ್ಲ. ಆ ಬೀದಿಯಲ್ಲಿ ಎಲ್ಲರಿಗೂ ಅದೇ ಕಷ್ಟ ಅಲ್ಲವೇ, ನಿನ್ನದೇನು ವಿಶೇಷ ಎಂಬ ವಾದ!

ಹಾಗಾದರೆ ಯಾರಿಗೆ ಸಿಗುತ್ತಿತ್ತು? ಚಿನ್ನ, ವಜ್ರದ ವ್ಯಾಪಾರಿಗಳು, ಕೈಯಲ್ಲಿ ದೊಡ್ಡ ಹಣ ಹಿಡಿದು ಓಡಾಡುವವರು, ಹೆಸರುವಾಸಿಗಳು ಇಂಥವರಿಗೆ. ಡೊನಾಲ್ಡ್ ಟ್ರಂಪ್ ಅವರ ಬಳಿಯೂ ನ್ಯೂಯಾರ್ಕಿನ ಲೈಸೆನ್ಸ್ ಇತ್ತು. 2016ರ ನಂತರ ನ್ಯೂಯಾರ್ಕ್ ನಗರ ಪೊಲೀಸರ ಲೈಸೆನ್ಸ್ ವಿಭಾಗದಲ್ಲೇ ಲಂಚದ ಹಗರಣ ಹೊರಬಂತು. ದಲ್ಲಾಳಿಗಳ ಮೂಲಕ ಲೈಸೆನ್ಸ್ ಮಾಡಿಸಿಕೊಡುತ್ತಿದ್ದ ಅಧಿಕಾರಿಗಳು ಫೆಡರಲ್ ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡರು. ಕಾನೂನಿನಲ್ಲಿ ಸ್ಪಷ್ಟ ಅಳತೆ ಇಲ್ಲದ ಕಡೆ ದಲ್ಲಾಳಿ ಹುಟ್ಟುತ್ತಾನೆ. ಇದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇಲ್ಲ ಎನ್ನಿಸಿಕೊಂಡವರು

ಇನ್ನೊಂದು ಪಕ್ಕವನ್ನು ನೋಡಬೇಕು. ಸಲಿವನ್ ಕಾಯ್ದೆಯಡಿ ಮೊದಲು ಶಿಕ್ಷೆಯಾಗಿ ಜೈಲಿಗೆ ಹೋದವನು ಒಬ್ಬ ಇಟಾಲಿಯನ್ ವಲಸಿಗ. ಆ ಕಾಲದಲ್ಲಿ ನ್ಯೂಯಾರ್ಕಿನವರಿಗೆ ಇಟಲಿಯಿಂದ ಬಂದವರೆಂದರೆ ಸಂಶಯ.

ಫ್ಲೋರಿಡಾ ರಾಜ್ಯದಲ್ಲಿ 1893ರಲ್ಲಿ ಬಂದೂಕಿಗೆ ಲೈಸೆನ್ಸ್ ಬೇಕೆಂಬ ಕಾನೂನು ಬಂದಿತ್ತು. 1941ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಾಧೀಶರೊಬ್ಬರು ತೀರ್ಪಿನಲ್ಲೇ ಬರೆದುಬಿಟ್ಟರು: ಈ ಕಾನೂನು ಮಾಡಿದ್ದು ಕಪ್ಪು ವರ್ಣೀಯ ಕೂಲಿ ಕಾರ್ಮಿಕರ ಕೈಯಿಂದ ಬಂದೂಕು ಕಿತ್ತುಕೊಳ್ಳಲು, ಬಿಳಿಯರಿಗೆ ಇದನ್ನು ಅನ್ವಯಿಸುವ ಉದ್ದೇಶ ಯಾವತ್ತೂ ಇರಲಿಲ್ಲ ಎಂದು. ಕಾನೂನಿನ ಪುಸ್ತಕದಲ್ಲಿ ‘ಕಪ್ಪು’ ಎಂಬ ಶಬ್ದವೇ ಇಲ್ಲ. ಆದರೆ ಕೊಡುವ ಕೈಗೆ ಗೊತ್ತಿತ್ತು, ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು ಎಂದು.

1956ರ ಜನವರಿ 30ರಂದು ಅಲಬಾಮಾದ ಮಾಂಟ್ಗೊಮರಿಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಮನೆಗೆ ಬಾಂಬ್ ಎಸೆದರು. ಒಳಗೆ ಹೆಂಡತಿ ಮತ್ತು ಹಸುಗೂಸು ಇದ್ದರು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಆಮೇಲೆ ಕಿಂಗ್ ಅವರು ಪಿಸ್ತೂಲು ಒಯ್ಯುವ ಲೈಸೆನ್ಸಿಗೆ ಅರ್ಜಿ ಹಾಕಿದರು. ಅಧಿಕಾರಿಗಳು ಕೊಡಲಿಲ್ಲ. ಮನೆಗೆ ಬಾಂಬ್ ಬಿದ್ದದ್ದು ‘ಸೂಕ್ತ ಕಾರಣ’ ಅಲ್ಲ ಎಂದಾದರೆ ಇನ್ನು ಯಾವುದು ಸೂಕ್ತ? ಕಿಂಗ್ ಅವರು ಮುಂದೆ ಆಯುಧದ ಯೋಚನೆಯನ್ನೇ ಬಿಟ್ಟು ಅಹಿಂಸೆಯ ದಾರಿಯಲ್ಲಿ ಗಟ್ಟಿಯಾಗಿ ನಿಂತರು. ಅದು ಅವರ ದೊಡ್ಡತನ. ಕೊಡದವರ ದೊಡ್ಡತನ ಅಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಗುಂಡು ತುಂಬಿದ ಬಂದೂಕನ್ನು ಬಹಿರಂಗವಾಗಿ ಹಿಡಿದು ಓಡಾಡಲು 1967ರ ತನಕ ಅಡ್ಡಿ ಇರಲಿಲ್ಲ. ಬ್ಲ್ಯಾಕ್ ಪ್ಯಾಂಥರ್ಸ್ ಎಂಬ ಕಪ್ಪು ಯುವಕರ ಸಂಘಟನೆ ಬಂದೂಕು ಹಿಡಿದು ಪೊಲೀಸರ ಹಿಂದೆ ನಿಗಾ ಇಡಲು ಹೊರಟದ್ದೇ ತಡ, ಕಾನೂನು ಬಂತು. ಸಹಿ ಹಾಕಿದವರು ಆಗ ಗವರ್ನರ್ ಆಗಿದ್ದ ರೊನಾಲ್ಡ್ ರೇಗನ್. ಬಂದೂಕಿನ ಹಕ್ಕಿನ ಪರ ಎಂದು ಮುಂದೆ ಹೆಸರು ಮಾಡಿದ ಅದೇ ರೇಗನ್.

ಮನೆಯಿಂದ ಬೀದಿಗೆ ಬಂದ ಹಕ್ಕು

ಅಮೆರಿಕದ ಸಂವಿಧಾನದ ಎರಡನೇ ತಿದ್ದುಪಡಿ 1791ರಲ್ಲಿ ಜಾರಿಗೆ ಬಂದದ್ದು. ಆಯುಧ ಇಟ್ಟುಕೊಳ್ಳುವ ಮತ್ತು ಧರಿಸುವ ಜನರ ಹಕ್ಕಿನ ಬಗ್ಗೆ ಅದು ಹೇಳುತ್ತದೆ. ಅದು ಸ್ಥಳೀಯ ಸೇನಾಪಡೆಗೆ ಮಾತ್ರವೋ, ಒಬ್ಬೊಬ್ಬ ವ್ಯಕ್ತಿಗೋ ಎಂದು ಬಹಳ ಕಾಲ ಚರ್ಚೆ ಇತ್ತು. 2008ರಲ್ಲಿ ‘ಹೆಲ್ಲರ್’ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 5–4 ಬಹುಮತದಿಂದ, ಮನೆಯೊಳಗೆ ಆತ್ಮರಕ್ಷಣೆಗೆ ಪಿಸ್ತೂಲು ಇಟ್ಟುಕೊಳ್ಳುವುದು ವ್ಯಕ್ತಿಯ ಹಕ್ಕು ಎಂದಿತು. ವಾಷಿಂಗ್ಟನ್ ನಗರದಲ್ಲಿ 1976ರಿಂದ ಇದ್ದ ಪಿಸ್ತೂಲು ನಿಷೇಧ ಬಿದ್ದುಹೋಯಿತು. 2010ರಲ್ಲಿ ‘ಮೆಕ್‌ಡೊನಾಲ್ಡ್’ ಪ್ರಕರಣದಲ್ಲಿ ಇದೇ ಹಕ್ಕು ರಾಜ್ಯಗಳಿಗೂ ಅನ್ವಯ ಎಂದಾಯಿತು. ಆ ಪ್ರಕರಣ ಹೂಡಿದವರು ಶಿಕಾಗೋದ ಒಬ್ಬ ವಯಸ್ಸಾದ ಕಪ್ಪು ವರ್ಣೀಯ. ಅವರ ಮನೆಗೆ ಕಳ್ಳರು ಮತ್ತೆ ಮತ್ತೆ ನುಗ್ಗಿದ್ದರು.

ಮನೆಯೊಳಗಿನ ಮಾತು ಮುಗಿಯಿತು. ಬೀದಿಯ ಮಾತು ಉಳಿಯಿತು. ಕೆಳಗಿನ ಕೋರ್ಟುಗಳು ಒಂದೊಂದು ದಿಕ್ಕಿಗೆ ಹೋದವು. 2012ರಲ್ಲಿ ನ್ಯೂಯಾರ್ಕಿನ ನಿಯಮವನ್ನು ಮೇಲ್ಮನವಿ ಕೋರ್ಟ್ ಎತ್ತಿ ಹಿಡಿಯಿತು. ಅದೇ ವರ್ಷ ಇಲಿನಾಯ್ ರಾಜ್ಯದ ನಿಷೇಧವನ್ನು ಇನ್ನೊಂದು ಮೇಲ್ಮನವಿ ಕೋರ್ಟ್ ತಳ್ಳಿ ಹಾಕಿತು. 2017ರಲ್ಲಿ ವಾಷಿಂಗ್ಟನ್ ನಗರದ ‘ಕಾರಣ ತೋರಿಸು’ ನಿಯಮವೂ ಬಿತ್ತು.

ಕೊನೆಗೆ ನ್ಯೂಯಾರ್ಕ್ ರಾಜ್ಯದ ಇಬ್ಬರು ಸಾಮಾನ್ಯ ನಿವಾಸಿಗಳು ಮತ್ತು ಬಂದೂಕುದಾರರ ಒಂದು ಸಂಘ ಸೇರಿ ಹೂಡಿದ ಪ್ರಕರಣ ಸುಪ್ರೀಂ ಕೋರ್ಟ್ ತಲುಪಿತು. ಆ ಇಬ್ಬರಿಗೆ ಬೇಟೆಗೆ, ಗುರಿ ಅಭ್ಯಾಸಕ್ಕೆ ಸೀಮಿತ ಲೈಸೆನ್ಸ್ ಸಿಕ್ಕಿತ್ತು. ಪೂರ್ತಿ ಲೈಸೆನ್ಸ್ ಕೇಳಿದಾಗ ವಿಶೇಷ ಅಪಾಯ ತೋರಿಸಲಿಲ್ಲ ಎಂದು ಕೊಡಲಿಲ್ಲ. ಎದುರು ಪಕ್ಷದಲ್ಲಿ ರಾಜ್ಯ ಪೊಲೀಸ್ ಮುಖ್ಯಸ್ಥರಾಗಿದ್ದ ಬ್ರೂಯೆನ್. ಹಾಗೆ ಅವರ ಹೆಸರೇ ಪ್ರಕರಣಕ್ಕೆ ನಿಂತಿತು.

6–3 ಬಹುಮತದ ತೀರ್ಪು ಬರೆದವರು ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್. ಸಂವಿಧಾನ ಕೊಟ್ಟ ಬೇರೆ ಯಾವ ಹಕ್ಕನ್ನು ಬಳಸಲೂ ನಾಗರಿಕನು ಸರಕಾರಿ ಅಧಿಕಾರಿಯ ಮುಂದೆ ವಿಶೇಷ ಅಗತ್ಯ ಸಾಬೀತು ಮಾಡಬೇಕಾಗಿಲ್ಲ, ಇದಕ್ಕೆ ಮಾತ್ರ ಯಾಕೆ ಎಂಬುದು ಅವರ ಮುಖ್ಯ ವಾದ. ಇನ್ನು ಮುಂದೆ ಬಂದೂಕಿನ ಯಾವ ಕಾನೂನೇ ಆಗಲಿ, ಅದು ದೇಶದ ಇತಿಹಾಸ ಮತ್ತು ಪರಂಪರೆಗೆ ಹೊಂದುತ್ತದೆ ಎಂದು ಸರಕಾರವೇ ತೋರಿಸಬೇಕು ಎಂದೂ ಹೇಳಿದರು. ಆಗ 43 ರಾಜ್ಯಗಳಲ್ಲಿ ‘ಅರ್ಹತೆ ಇದ್ದರೆ ಕೊಡಲೇಬೇಕು’ ಎಂಬ ಪದ್ಧತಿ ಇತ್ತು. ನ್ಯೂಯಾರ್ಕ್, ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾ ಸೇರಿ 6 ರಾಜ್ಯಗಳಲ್ಲಿ ಮತ್ತು ವಾಷಿಂಗ್ಟನ್ ನಗರದಲ್ಲಿ ಮಾತ್ರ ‘ಕೊಟ್ಟರೂ ಕೊಡಬಹುದು’ ಎಂಬ ಪದ್ಧತಿ.

ಒಂದೇ ಸಮುದಾಯ, ಎರಡು ಸ್ವರ

ಈ ಪ್ರಕರಣದಲ್ಲಿ ನಾವು ಗಮನಿಸಬೇಕಾದ ಒಂದು ವಿಷಯ ಉಂಟು. ಬಡವರ ಪರ ಸರಕಾರಿ ಖರ್ಚಿನಲ್ಲಿ ವಾದಿಸುವ ನ್ಯೂಯಾರ್ಕಿನ ವಕೀಲರು, ಅವರಲ್ಲಿ ಬಹಳ ಮಂದಿ ಕಪ್ಪು ವರ್ಣೀಯರು, ಸುಪ್ರೀಂ ಕೋರ್ಟಿಗೆ ಲಿಖಿತ ವಾದ ಕೊಟ್ಟರು. ಅವರು ನಿಂತದ್ದು ಲೈಸೆನ್ಸ್ ನಿಯಮದ ವಿರುದ್ಧ. ಲೈಸೆನ್ಸ್ ಇಲ್ಲದೆ ಪಿಸ್ತೂಲು ಇಟ್ಟುಕೊಂಡ ಆರೋಪದಲ್ಲಿ ತಮ್ಮ ಬಳಿ ಬರುವವರು ಹೆಚ್ಚುಕಡಿಮೆ ಎಲ್ಲರೂ ಕಪ್ಪು ಅಥವಾ ಲ್ಯಾಟಿನೋ ಯುವಕರು ಎಂದರು. ಯಾರಿಗೂ ಗುರಿ ಇಡದಿದ್ದರೂ, ಗುಂಡು ತುಂಬಿದ ಪಿಸ್ತೂಲು ಬೀದಿಯಲ್ಲಿ ಕೈಯಲ್ಲಿದ್ದರೆ ಅದು ‘ಹಿಂಸಾತ್ಮಕ ಅಪರಾಧ’ ಎಂದು ಲೆಕ್ಕ. ಕನಿಷ್ಠ ಮೂರೂವರೆ ವರ್ಷ ಜೈಲು. ಲೈಸೆನ್ಸ್ ಕೇಳಿದರೆ ಕೊಡುವುದಿಲ್ಲ, ಇಲ್ಲದೆ ಇಟ್ಟುಕೊಂಡರೆ ಬದುಕೇ ಹೋಯಿತು.

ಅದೇ ಪ್ರಕರಣದಲ್ಲಿ ಕಪ್ಪು ವರ್ಣೀಯರ ಹಕ್ಕುಗಳಿಗೆ ದಶಕಗಳಿಂದ ಹೋರಾಡಿದ ಎನ್‌ಎಎಸಿಪಿ ಲೀಗಲ್ ಡಿಫೆನ್ಸ್ ಫಂಡ್ ಸಂಸ್ಥೆ ನಿಂತದ್ದು ನ್ಯೂಯಾರ್ಕ್ ಸರಕಾರದ ಪರವಾಗಿ. ಬಂದೂಕಿನಿಂದ ಹೆಚ್ಚು ಸಾಯುವುದು ನಮ್ಮ ಮಕ್ಕಳೇ, ಬೀದಿಯಲ್ಲಿ ಪಿಸ್ತೂಲು ಹೆಚ್ಚಾದರೆ ಮೊದಲು ಹೆಣ ಬೀಳುವುದು ನಮ್ಮ ಕೇರಿಯಲ್ಲೇ ಎಂಬ ಭಯ ಅವರದ್ದು.

ಯಾರು ಸರಿ? ಇಬ್ಬರ ಮಾತಲ್ಲೂ ಸುಳ್ಳಿಲ್ಲ. ಅಧಿಕಾರಿಯ ಮರ್ಜಿಯಿಂದ ನೋವು ತಿಂದದ್ದೂ ಅದೇ ಜನ, ಬಂದೂಕಿನಿಂದ ನೋವು ತಿಂದದ್ದೂ ಅದೇ ಜನ. ಭಿನ್ನ ತೀರ್ಪು ಬರೆದ ನ್ಯಾಯಮೂರ್ತಿ ಸ್ಟೀಫನ್ ಬ್ರೇಯರ್ ಅವರು ಮೊದಲ ಸಾಲಲ್ಲೇ ಒಂದು ಲೆಕ್ಕ ಇಟ್ಟರು. 2020ರ ಒಂದೇ ವರ್ಷದಲ್ಲಿ ಬಂದೂಕಿನಿಂದ ಸತ್ತ ಅಮೆರಿಕನ್ನರು 45,222. ತೀರ್ಪು ಬರುವ ಒಂದು ತಿಂಗಳ ಮೊದಲು ಟೆಕ್ಸಾಸಿನ ಯುವಾಲ್ಡೆ ಎಂಬಲ್ಲಿ ಶಾಲೆಯೊಳಗೆ 19 ಮಕ್ಕಳು, ಇಬ್ಬರು ಟೀಚರುಗಳು ಗುಂಡಿಗೆ ಬಲಿಯಾಗಿದ್ದರು. ಅದಕ್ಕೂ ಹತ್ತು ದಿನ ಮೊದಲು ನ್ಯೂಯಾರ್ಕ್ ರಾಜ್ಯದ ಬಫಲೋದಲ್ಲಿ, ದಿನಸಿ ಅಂಗಡಿಯೊಂದರಲ್ಲಿ ಹತ್ತು ಮಂದಿ ಕಪ್ಪು ವರ್ಣೀಯರನ್ನು ಜನಾಂಗ ದ್ವೇಷದವನೊಬ್ಬ ಕೊಂದಿದ್ದ.

ತೀರ್ಪು ಏನನ್ನು ಉಳಿಸಿತು?

ಲೈಸೆನ್ಸ್ ಪದ್ಧತಿಯೇ ರದ್ದಾಯಿತು ಎಂದು ಕೆಲವರು ತಿಳಿದಿದ್ದಾರೆ. ಹಾಗಲ್ಲ. ಬೆರಳಚ್ಚು, ಪೊಲೀಸ್ ದಾಖಲೆ ಪರಿಶೀಲನೆ, ಮಾನಸಿಕ ಆರೋಗ್ಯದ ದಾಖಲೆ, ತರಬೇತಿ ಇವೆಲ್ಲ ಇರಬಹುದು ಎಂದು ನ್ಯಾಯಮೂರ್ತಿ ಕ್ಯಾವನಾ ಪ್ರತ್ಯೇಕವಾಗಿ ಬರೆದರು. ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್ ಅದಕ್ಕೆ ಒಪ್ಪಿದರು. ಬಿದ್ದದ್ದು ಅಧಿಕಾರಿಯ ‘ನನಗೆ ಸರಿ ಕಾಣಬೇಕು’ ಎಂಬ ಭಾಗ ಮಾತ್ರ. ಶುಲ್ಕ ಕೈಗೆಟುಕದಷ್ಟು ಇಟ್ಟರೆ, ಅರ್ಜಿಯನ್ನು ವರ್ಷಗಟ್ಟಲೆ ಕೊಳೆ ಹಾಕಿದರೆ ಅದನ್ನೂ ಪ್ರಶ್ನಿಸಬಹುದು ಎಂದು ಥಾಮಸ್ ಅವರ ಅಡಿಟಿಪ್ಪಣಿಯಲ್ಲಿದೆ.

ನ್ಯೂಯಾರ್ಕ್ ಸರಕಾರ ಸುಮ್ಮನೆ ಕೂರಲಿಲ್ಲ. ಒಂದೇ ವಾರದಲ್ಲಿ ಹೊಸ ಕಾನೂನು ಮಾಡಿ ಸೆಪ್ಟೆಂಬರ್ 1ರಿಂದ ಜಾರಿಗೆ ತಂದಿತು. 16 ಗಂಟೆ ಪಾಠ, 2 ಗಂಟೆ ಗುಂಡು ಹಾರಿಸುವ ಅಭ್ಯಾಸ, ನಡತೆಗೆ ನಾಲ್ಕು ಜನರ ಸಾಕ್ಷಿ, ಮೂರು ವರ್ಷದ ಸೋಷಿಯಲ್ ಮೀಡಿಯಾ ಖಾತೆಗಳ ಪಟ್ಟಿ, ಇದರ ಮೇಲೆ ಸಂದರ್ಶನ. ಟೈಮ್ಸ್ ಸ್ಕ್ವೇರ್, ಸಬ್‌ವೇ ರೈಲು, ಆಸ್ಪತ್ರೆ, ಪಾರ್ಕು, ಆರಾಧನಾಲಯ ಹೀಗೆ ಬಹಳ ಕಡೆ ಲೈಸೆನ್ಸ್ ಇದ್ದರೂ ಪಿಸ್ತೂಲು ತರುವಂತಿಲ್ಲ. ಕೂಡಲೇ ಮತ್ತೆ ಕೇಸುಗಳು. 2023ರ ಡಿಸೆಂಬರ್‌ನಲ್ಲಿ ಮೇಲ್ಮನವಿ ಕೋರ್ಟ್ ಸೋಷಿಯಲ್ ಮೀಡಿಯಾ ಪಟ್ಟಿಯ ಶರತ್ತಿಗೆ ತಡೆ ಕೊಟ್ಟಿತು. ಒಳ್ಳೆಯ ನಡತೆ ಮತ್ತು ಹೆಚ್ಚಿನ ಸ್ಥಳಗಳ ನಿಷೇಧ ಉಳಿಯಿತು.

ಆರಾಧನಾಲಯದ ವಿಷಯ ನಮ್ಮ ಓದುಗರಿಗೆ ಕುತೂಹಲ ಆಗಬಹುದು. ಚರ್ಚು, ಮಸೀದಿ, ಸಿನಗಾಗ್, ದೇವಸ್ಥಾನ ಎಲ್ಲದಕ್ಕೂ ಆ ನಿಷೇಧ ಇತ್ತು. ಕೆಲವು ಪಾದ್ರಿಗಳು ಕೋರ್ಟಿಗೆ ಹೋದರು. ನಮ್ಮ ಚರ್ಚಿನೊಳಗೆ ಯಾರು ಕಾವಲು ಇರಬೇಕೆಂದು ತೀರ್ಮಾನಿಸಬೇಕಾದವರು ನಾವು, ಸರಕಾರ ಅಲ್ಲ ಎಂದರು. ಕೊನೆಗೆ 2023ರಲ್ಲಿ ಕಾನೂನನ್ನೇ ತಿದ್ದಿ, ಆರಾಧನಾಲಯದ ಭದ್ರತೆಗೆ ನೇಮಕವಾದವರಿಗೆ ವಿನಾಯಿತಿ ಕೊಟ್ಟರು.

ಮೇರಿಲ್ಯಾಂಡ್ ರಾಜ್ಯದಲ್ಲಿ ಪಿಸ್ತೂಲು ಖರೀದಿಗೆ ಮೊದಲು ತರಬೇತಿ, ಬೆರಳಚ್ಚು ಸಹಿತ ಅರ್ಹತಾ ಲೈಸೆನ್ಸ್ ಬೇಕು. 30 ದಿನದ ತನಕ ಕಾಯಬೇಕಾಗಬಹುದು. 2023ರಲ್ಲಿ ಮೂವರು ನ್ಯಾಯಾಧೀಶರ ಪೀಠ ಇದು ಸಂವಿಧಾನಕ್ಕೆ ವಿರುದ್ಧ ಎಂದಿತು. 2024ರಲ್ಲಿ ಅದೇ ಕೋರ್ಟಿನ ಪೂರ್ಣ ಪೀಠ, ಅಲ್ಲ, ಇದು ಸರಿ ಎಂದಿತು. ಸುಪ್ರೀಂ ಕೋರ್ಟ್ ಮಧ್ಯೆ ಬರಲಿಲ್ಲ. 2024ರ ಜೂನ್‌ನಲ್ಲಿ ‘ರಹಿಮಿ’ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ 8–1ರಿಂದ, ಮನೆಯವರಿಗೆ ಹಿಂಸೆ ಕೊಡುತ್ತಾನೆಂದು ಕೋರ್ಟ್ ಆದೇಶ ಇರುವವನ ಕೈಯಿಂದ ಬಂದೂಕು ತೆಗೆಯಬಹುದು ಎಂದಿತು. ಒಬ್ಬರೇ ವಿರೋಧಿಸಿದರು, ಬ್ರೂಯೆನ್ ತೀರ್ಪು ಬರೆದ ಥಾಮಸ್. ಇತಿಹಾಸಕ್ಕೆ ಹೊಂದಬೇಕೆಂದರೆ ಹಳೆಯ ಕಾಲದ ಕಾನೂನಿನ ಅಚ್ಚಿನಂತೆಯೇ ಇರಬೇಕೆಂದಿಲ್ಲ ಎಂದು ಉಳಿದವರು ಸ್ಪಷ್ಟ ಮಾಡಿದರು.

ಇನ್ನೊಂದು ಕಡೆ, ಲೈಸೆನ್ಸೇ ಬೇಡ ಎಂದ ರಾಜ್ಯಗಳೂ ಇವೆ. ವರ್ಮಾಂಟ್ ರಾಜ್ಯದಲ್ಲಿ ಅದು ಯಾವತ್ತೂ ಇರಲಿಲ್ಲ. ಅಲಾಸ್ಕಾ 2003ರಲ್ಲಿ ಬಿಟ್ಟಿತು. 2024ರ ಹೊತ್ತಿಗೆ ಅಂಥ ರಾಜ್ಯಗಳು 29 ಆದವು. ಅಲ್ಲಿ ವಯಸ್ಸು ಆಗಿ, ಅಪರಾಧ ಹಿನ್ನೆಲೆ ಇಲ್ಲದಿದ್ದರೆ ಸಾಕು, ತರಬೇತಿಯೂ ಬೇಕಾಗಿಲ್ಲ.

ಲೈಸೆನ್ಸ್ ಕೈಯಲ್ಲಿದ್ದರೆ ಎಲ್ಲ ಸಮಾನ ಎಂದೂ ಹೇಳಲಾಗದು. 2016ರ ಜುಲೈಯಲ್ಲಿ ಮಿನೆಸೋಟಾದಲ್ಲಿ ಪೊಲೀಸರು ಒಬ್ಬ ಕಪ್ಪು ವರ್ಣೀಯನ ಕಾರು ನಿಲ್ಲಿಸಿದರು. ಶಾಲೆಯ ಅಡುಗೆಮನೆಯಲ್ಲಿ ಮೇಲ್ವಿಚಾರಕನಾಗಿದ್ದ ಮನುಷ್ಯ. ತನ್ನ ಬಳಿ ಬಂದೂಕು ಇದೆ ಎಂದು ಮರ್ಯಾದೆಯಿಂದಲೇ ಪೊಲೀಸನಿಗೆ ತಿಳಿಸಿದ. ಅದಕ್ಕೆ ಲೈಸೆನ್ಸೂ ಇತ್ತು. ಕೆಲವೇ ಕ್ಷಣದಲ್ಲಿ ಪೊಲೀಸನ ಗುಂಡಿಗೆ ಸತ್ತ. ಕಾರಿನೊಳಗೆ ಜೊತೆಗಾತಿ ಮತ್ತು ಆಕೆಯ ನಾಲ್ಕು ವರ್ಷದ ಮಗಳು ಇದ್ದರು. ಪೊಲೀಸ್ ಮರು ವರ್ಷ ಖುಲಾಸೆಯಾದ. ಕಾಗದದಲ್ಲಿ ಹಕ್ಕು ಬಂದರೂ ನೋಡುವ ಕಣ್ಣು ಬದಲಾಗಲು ಬೇರೆಯೇ ಕೆಲಸ ಆಗಬೇಕು.

ನಮ್ಮ ಕಾನೂನಿನಲ್ಲೂ ಅದೇ ಶಬ್ದ

ನಮ್ಮ ದೇಶದಲ್ಲಿ ಆಯುಧ ಇಟ್ಟುಕೊಳ್ಳುವುದು ಮೂಲಭೂತ ಹಕ್ಕಲ್ಲ. ಆದರೆ ನಮ್ಮ ಲೈಸೆನ್ಸಿನ ಕಥೆಯೂ ಭೇದದಿಂದಲೇ ಶುರುವಾದದ್ದು. ಬ್ರಿಟಿಷರ 1878ರ ಆಯುಧ ಕಾಯ್ದೆಯಲ್ಲಿ ಭಾರತೀಯರಿಗೆ ಲೈಸೆನ್ಸ್ ಕಡ್ಡಾಯ, ಯುರೋಪಿಯನ್ನರಿಗೆ ವಿನಾಯಿತಿ. ಸ್ವಾತಂತ್ರ್ಯದ ನಂತರ 1959ರ ಕಾಯ್ದೆ ಬಂತು. ಅದರ 13ನೇ ಸೆಕ್ಷನ್ ಓದಿ ನೋಡಿ. ಬೆಳೆ ರಕ್ಷಣೆಗೆ ಕೋವಿ ಕೇಳುವ ರೈತನಿಗೆ ಒಂದು ದಾರಿ. ಪಿಸ್ತೂಲು, ರಿವಾಲ್ವರ್ ಕೇಳುವವನಿಗೆ ಇನ್ನೊಂದು ದಾರಿ, ಆತನಿಗೆ ‘ಒಳ್ಳೆಯ ಕಾರಣ’ ಇದೆ ಎಂದು ಅಧಿಕಾರಿಗೆ ಮನವರಿಕೆ ಆಗಬೇಕು. ನ್ಯೂಯಾರ್ಕಿನ ‘ಸೂಕ್ತ ಕಾರಣ’ಕ್ಕೂ ಇದಕ್ಕೂ ವ್ಯತ್ಯಾಸ ಎಷ್ಟು?

ಆದರೆ ನಮ್ಮ ಕಾಯ್ದೆ ಮಾಡಿದವರು ಎರಡು ಒಳ್ಳೆಯ ಮಾತು ಸೇರಿಸಿದ್ದಾರೆ. 14ನೇ ಸೆಕ್ಷನ್ ಪ್ರಕಾರ, ಆಸ್ತಿ ಸಾಕಷ್ಟು ಇಲ್ಲ ಎಂಬ ಒಂದೇ ಕಾರಣಕ್ಕೆ ಲೈಸೆನ್ಸ್ ನಿರಾಕರಿಸುವಂತಿಲ್ಲ. ನಿರಾಕರಿಸಿದರೆ ಕಾರಣ ಬರೆದಿಡಬೇಕು, ಕೇಳಿದರೆ ಕೊಡಬೇಕು, ಸಾರ್ವಜನಿಕ ಹಿತಕ್ಕೆ ಬಾಧಕ ಎನಿಸಿದಾಗ ಮಾತ್ರ ಕೊಡದಿರಬಹುದು. ಅದರ ಮೇಲೆ ಅಪೀಲಿಗೆ ಅವಕಾಶವೂ ಉಂಟು. ಪುತ್ತೂರು, ಸುಳ್ಯ, ಬೆಳ್ತಂಗಡಿ ಕಡೆ ಹಂದಿ, ಮಂಗನ ಕಾಟಕ್ಕೆ ಕೋವಿ ಇಟ್ಟುಕೊಂಡ ಅಡಿಕೆ ಕೃಷಿಕರು ಇದನ್ನು ತಿಳಿದಿರಬೇಕು. ಚುನಾವಣೆ ಬಂದಾಗ ಠಾಣೆಯಲ್ಲಿ ಕೋವಿ ಠೇವಣಿ ಇಡಲು ಕ್ಯೂ ನಿಲ್ಲುವುದು ಗೊತ್ತು, ಕಾರಣ ಬರಹದಲ್ಲಿ ಕೇಳುವ ಹಕ್ಕು ಹೆಚ್ಚಿನವರಿಗೆ ಗೊತ್ತಿಲ್ಲ.

ಪಕ್ಕದ ಕೊಡಗಿನಲ್ಲಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ಲೈಸೆನ್ಸಿನ ವಿನಾಯಿತಿ ಇದೆ. ಜನಾಂಗ ಮತ್ತು ವಂಶದ ಭೂಮಿಯ ಆಧಾರದಲ್ಲಿ ವಿನಾಯಿತಿ ಕೊಡುವುದು ಸಮಾನತೆಗೆ ವಿರುದ್ಧ ಎಂದು ಹೈಕೋರ್ಟಿನಲ್ಲಿ ಪ್ರಶ್ನಿಸಲಾಗಿತ್ತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ವಿನಾಯಿತಿಯನ್ನು ಎತ್ತಿ ಹಿಡಿಯಿತು. ಅದು ಶಾಶ್ವತವಲ್ಲ, 2029ರ ತನಕದ ಅವಧಿಗೆ ಶರತ್ತುಗಳೊಂದಿಗೆ ಕೊಟ್ಟದ್ದು ಎಂಬುದನ್ನೂ ಕೋರ್ಟ್ ಗಮನಿಸಿತು. ಅಲ್ಲಿ ಲೈಸೆನ್ಸ್ ಬೇಕೆಂಬುದರ ವಿರುದ್ಧ ಕೇಸು, ಇಲ್ಲಿ ಲೈಸೆನ್ಸ್ ಬೇಡ ಎಂಬುದರ ವಿರುದ್ಧ ಕೇಸು. ಎರಡೂ ಕಡೆ ಕೇಳಿದ್ದು ಒಂದೇ: ಅವನಿಗೆ ಉಂಟು, ನನಗೆ ಯಾಕಿಲ್ಲ?

ಅಮೆರಿಕದಲ್ಲಿ ಮಕ್ಕಳು ಇರುವ ಮನೆಯವರಿಗೆ ಒಂದು ಮಾತು. ಅಲ್ಲಿನ ಫೆಡರಲ್ ಕಾನೂನಿನಂತೆ ಓದುವ ವೀಸಾ, ಎಚ್1ಬಿ ಕೆಲಸದ ವೀಸಾದಂಥ ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕು ಇಟ್ಟುಕೊಳ್ಳುವುದು ಸಾಮಾನ್ಯವಾಗಿ ಅಪರಾಧ. ಬೇಟೆ ಲೈಸೆನ್ಸ್ ಇರುವವರಿಗೆ ಎಂಬಂಥ ಕೆಲವೇ ವಿನಾಯಿತಿಗಳಿವೆ. ಗ್ರೀನ್ ಕಾರ್ಡ್‌ನವರ ವಿಷಯ ಬೇರೆ. ‘ಇಲ್ಲಿ ಲೈಸೆನ್ಸೇ ಬೇಡವಂತೆ’ ಎಂದು ಗೆಳೆಯರು ಹೇಳಿದ್ದನ್ನು ನಂಬಿ ಕೈ ಹಾಕಿದರೆ ಜೈಲೂ ಆದೀತು, ಗಡೀಪಾರೂ ಆದೀತು.

ಬಂದೂಕು ಮನುಷ್ಯನ ಜೀವ ತೆಗೆಯುವ ಸಾಮಾನು. ಅದಕ್ಕೆ ತಪಾಸಣೆ ಬೇಕು, ತರಬೇತಿ ಬೇಕು, ಹೆಂಡತಿಯ ಮೇಲೆ ಕೈ ಎತ್ತುವವನಿಗೆ, ತಲೆ ಸ್ಥಿಮಿತ ಇಲ್ಲದವನಿಗೆ ಅದು ಸಿಗಬಾರದು. ಇದರಲ್ಲಿ ಎರಡು ಮಾತಿಲ್ಲ. 29 ರಾಜ್ಯಗಳು ಆ ತರಬೇತಿಯನ್ನೂ ಬಿಟ್ಟದ್ದು ನನಗೆ ಸರಿ ಕಾಣುವುದಿಲ್ಲ. ಆದರೆ ಬೇಲಿ ಹಾಕುವುದಾದರೆ ಅದು ಎಲ್ಲರಿಗೂ ಕಾಣುವ ಬೇಲಿಯಾಗಿರಬೇಕು. ಎಷ್ಟು ಎತ್ತರ, ಬಾಗಿಲು ಎಲ್ಲಿ, ಯಾರಿಗೆ ತೆರೆಯುತ್ತದೆ ಎಂಬುದು ಬರೆದಿರಬೇಕು. ಅದು ಮೇಜಿನ ಆಚೆ ಕುಳಿತವನ ಮನಸ್ಸಿನಲ್ಲಿ ಮಾತ್ರ ಇದ್ದರೆ, ವಜ್ರದ ವ್ಯಾಪಾರಿಗೆ ಬಾಗಿಲು ತೆರೆಯುತ್ತದೆ, ಬಾಂಬ್ ಬಿದ್ದ ಮನೆಯ ಪಾದ್ರಿಗೆ ಮುಚ್ಚುತ್ತದೆ. ರೇಶನ್ ಕಾರ್ಡಿಗಾಗಲಿ, ಅಂಗಡಿ ಲೈಸೆನ್ಸಿಗಾಗಲಿ, ಮನೆ ಕಟ್ಟುವ ಪರವಾನಗಿಗಾಗಲಿ ಅರ್ಜಿ ಹಾಕಿ ‘ಆಗುವುದಿಲ್ಲ’ ಎಂದು ಬಾಯಿಮಾತಲ್ಲಿ ಕೇಳಿಸಿಕೊಂಡು ಬರುವವರು ನಮ್ಮಲ್ಲಿ ತುಂಬ ಮಂದಿ ಇದ್ದಾರೆ. ಅವರು ಮುಂದಿನ ಸಲ ಒಂದು ಕೆಲಸ ಮಾಡಲಿ. ಯಾಕೆ ಆಗುವುದಿಲ್ಲ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಕೊಡಿ ಎಂದು ಮರ್ಯಾದೆಯಿಂದ ಕೇಳಲಿ.